ಚಳಿಗಾಲದ ರಜೆಗೆ ಊರಿನ ಗ್ರಂಥಾಲಯವನ್ನು ಸಜ್ಜುಮಾಡುವ ಬಗೆ

ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಯಿತು. ಆಗ ‘ಲೈಬ್ರರಿ ಅಕ್ಕ’ ಎಂದು ಕರೆಯುತ್ತಿದ್ದ ಹುಡುಗಿಯರಲ್ಲಿ ಇಬ್ಬರು ಈಗ ತಮ್ಮ ಮಕ್ಕಳನ್ನು ಕರೆತಂದು ಬಿಟ್ಟುಹೋಗುತ್ತಾರೆ. ಆ ಮಕ್ಕಳಿಗೂ ನಾನು ಅಕ್ಕನೇ. ಬೋರ್ಡಿನ ಮೇಲಿನ ಹೆಸರು ‘ಅರಿವು ಕೇಂದ್ರ’ ಎಂದಾಗಿದೆ, ನಮ್ಮನ್ನು ನೋಡಿಕೊಳ್ಳುವ ಇಲಾಖೆಯೂ ಬದಲಾಗಿದೆ. ಕೋಣೆ ಮಾತ್ರ ಅದೇ: ಹನ್ನೆರಡು ಅಡಿಗೆ ಹದಿನೆಂಟು ಅಡಿ, ನಾಲ್ಕು ಕಬ್ಬಿಣದ ಬೀರು, ಒಂದು ಉದ್ದನೆಯ ಮೇಜು, ಪೂರ್ವಕ್ಕೆ ಮುಖ ಮಾಡಿದ ಒಂದು ಜಗಲಿ.

ಡಿಸೆಂಬರ್ ಕೊನೆಯ ವಾರದಿಂದ ಸಂಕ್ರಾಂತಿಯವರೆಗೆ ಇಲ್ಲಿ ಮಕ್ಕಳಿಗಾಗಿ ಏನಾದರೂ ಮಾಡುವ ರೂಢಿ ಶುರುವಾಗಿ ಆರು ವರ್ಷ. ಸುತ್ತಲಿನ ಪಂಚಾಯಿತಿಗಳ ಮೇಲ್ವಿಚಾರಕರು ನವೆಂಬರ್ ಬಂತೆಂದರೆ ಫೋನ್ ಮಾಡಿ ‘ಈ ಸಲ ಏನು ಮಾಡುತ್ತೀರಿ?’ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಹೇಳಿ ಗಂಟಲು ಕಟ್ಟಿಸಿಕೊಳ್ಳುವ ಬದಲು ಇದನ್ನು ಬರೆದಿದ್ದೇನೆ.

ಮೊದಲ ವರ್ಷ ಏನು ಮಾಡಿದೆನೆಂದು ಹೇಳಿಬಿಡುತ್ತೇನೆ, ನೀವು ಅದನ್ನು ಮಾಡದಿರಲಿ ಎಂದು. ಶಾಮಿಯಾನ ಹಾಕಿಸಿದೆ. ಮೈಕು ತರಿಸಿದೆ. ದೊಡ್ಡವರೊಬ್ಬರನ್ನು ಅತಿಥಿಯಾಗಿ ಕರೆದೆ. ಅವರು ಹತ್ತೂವರೆಗೆ ಬರಬೇಕಾದವರು ಹನ್ನೆರಡೂ ಕಾಲಿಗೆ ಬಂದರು. ಮಕ್ಕಳು ಅಲ್ಲಿಯವರೆಗೆ ಕುರ್ಚಿಯ ಮೇಲೆ ಕುಳಿತು ಕಾಲು ಅಲ್ಲಾಡಿಸಿದವು. ಆಮೇಲೆ ಓದಿನ ಮಹತ್ವದ ಬಗ್ಗೆ ನಾಲ್ಕು ಭಾಷಣ. ಎಲ್ಲರಿಗೂ ಆಲೂಗೆಡ್ಡೆ ಬೋಂಡ ಕೊಟ್ಟೆವು. ಅದೇ ಕೈಯಲ್ಲಿ ಮಕ್ಕಳು ಹೊಸ ಚಿತ್ರದ ಪುಸ್ತಕಗಳನ್ನು ತಿರುವಿದರು. ಆ ಎಣ್ಣೆಯ ಬೆರಳಚ್ಚು ಈಗಲೂ ಪುಟಗಳ ಅಂಚಿನಲ್ಲಿದೆ. ಸಂಜೆ ಎರವಲು ವಹಿ ತೆರೆದು ನೋಡಿದೆ. ಆ ದಿನ ಮನೆಗೆ ಹೋದ ಪುಸ್ತಕಗಳ ಸಂಖ್ಯೆ ಸೊನ್ನೆ. ಫೋಟೋ ಮಾತ್ರ ನಲವತ್ತು.

ಆ ಸೊನ್ನೆಯನ್ನು ನೋಡಿದ ಮೇಲೆ ಒಂದೇ ಅಳತೆ ಇಟ್ಟುಕೊಂಡೆ: ರಜೆಯಲ್ಲಿ ಏನೇ ಮಾಡಿದರೂ ಮಗು ಹೊರಡುವಾಗ ಕೈಯಲ್ಲಿ ಪುಸ್ತಕ ಇತ್ತೇ, ಇಲ್ಲವೇ? ಹಾಡು, ಆಟ, ಚಿತ್ರ, ಹೊರಗಿನ ತಿರುಗಾಟ ಎಲ್ಲವೂ ಆ ವಹಿಯಲ್ಲಿ ಒಂದು ಸಾಲು ಬೀಳುವುದಕ್ಕಾಗಿ.

ರಜೆ ಯಾರಿಗಿದೆ ಎಂದು ಮೊದಲು ವಿಚಾರಿಸಿ

ಚಳಿಗಾಲದ ರಜೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಒಂದೇ ಊರಿನಲ್ಲಿ ಅದು ಎಲ್ಲರಿಗೂ ಒಂದೇ ಅಲ್ಲ. ಸರ್ಕಾರಿ ಶಾಲೆಗೆ ದೊಡ್ಡ ರಜೆ ಎರಡೇ, ದಸರಾ ಮತ್ತು ಬೇಸಿಗೆ. ಡಿಸೆಂಬರ್‌ನಲ್ಲಿ ಅಲ್ಲಿನ ಮಕ್ಕಳಿಗೆ ಸಿಗುವುದು 25ನೇ ತಾರೀಖು ಮತ್ತು ಭಾನುವಾರಗಳು. ಹಳದಿ ವ್ಯಾನು ಹತ್ತಿ ಪಟ್ಟಣದ ಕಾನ್ವೆಂಟಿಗೆ ಹೋಗುವ ಮಕ್ಕಳಿಗೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಎಂಟು ಹತ್ತು ದಿನ. ಇನ್ನು ಕಬ್ಬು ಕಡಿಯಲು ಬಂದವರ ಗುಡಿಸಲಿನಲ್ಲಿರುವ ಮಕ್ಕಳಿಗೆ ಆ ತಿಂಗಳುಗಳಲ್ಲಿ ಶಾಲೆಯೇ ಇರುವುದಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಕಾರ್ಯಕ್ರಮ ಇಟ್ಟುಕೊಂಡರೆ ನಿಮಗೆ ಕಾನ್ವೆಂಟ್ ಮಕ್ಕಳು ಮಾತ್ರ ಸಿಗುತ್ತಾರೆ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಕಿಟಕಿಯಿಂದ ನೋಡುತ್ತಾರೆ. ಇದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಈಗ ನವೆಂಬರ್ ಕೊನೆಯ ವಾರದಲ್ಲೇ ಒಂದು ನೋಟ್‌ಬುಕ್ ಹಿಡಿದು ವ್ಯಾನು ನಿಲ್ಲುವ ಅರಳಿಕಟ್ಟೆಯ ಬಳಿ ನಿಲ್ಲುತ್ತೇನೆ. ಯಾವ ಶಾಲೆಗೆ ಯಾವ ದಿನದಿಂದ ರಜೆ, ಯಾರು ಅಜ್ಜಿಯ ಊರಿಗೆ ಹೋಗುತ್ತಾರೆ, ಯಾರು ಬೆಂಗಳೂರಿನಿಂದ ಅಜ್ಜಿಯ ಮನೆಗೆ ಇಲ್ಲಿಗೆ ಬರುತ್ತಾರೆ ಎಂದು ಬರೆದುಕೊಳ್ಳುತ್ತೇನೆ. ಕೊನೆಯವರನ್ನು ಮರೆಯಬೇಡಿ. ಬೆಂಗಳೂರಿನಿಂದ ಬಂದ ಮೊಮ್ಮಕ್ಕಳಿಗೆ ನಮ್ಮಲ್ಲಿ ಸದಸ್ಯತ್ವ ಇರುವುದಿಲ್ಲ. ಅವರಿಗೆ ಅಜ್ಜಿಯ ಹೆಸರಿನಲ್ಲಿ ಪುಸ್ತಕ ಕೊಡುತ್ತೇನೆ. ಹಾಗಾಗಿ ಮಾಮೂಲಿಯಾಗಿ ಗ್ರಂಥಾಲಯದ ಹೊಸಿಲು ತುಳಿಯದ ಅಜ್ಜಿಯರೂ ಬಂದು ಸಹಿ ಹಾಕುತ್ತಾರೆ.

ಹೀಗೆ ಲೆಕ್ಕ ಹಾಕಿದ ಮೇಲೆ ನಮ್ಮಲ್ಲಿ ನಿಂತ ವೇಳಾಪಟ್ಟಿ ಇದು: ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ ರಜೆ ಇರುವವರಿಗೆ, ನಾಲ್ಕೂ ಕಾಲಿನಿಂದ ಐದೂವರೆ ಎಲ್ಲರಿಗೂ, ಆರರಿಂದ ಏಳೂವರೆ ಹತ್ತನೇ ತರಗತಿಯವರಿಗೆ. ಹತ್ತಕ್ಕಿಂತ ಮೊದಲು ಶುರು ಮಾಡಬೇಡಿ. ಇಬ್ಬನಿಯಲ್ಲಿ ನೆಲ ತಣ್ಣಗಿರುತ್ತದೆ, ತಾಯಂದಿರು ಧನುರ್ಮಾಸದ ಪೂಜೆ, ಹಾಲು ಡೇರಿ, ಅಡುಗೆ ಎಂದು ಓಡಾಡುತ್ತಿರುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಸಂಜೆ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ, ಆದ್ದರಿಂದ ಸಣ್ಣ ಮಕ್ಕಳನ್ನು ಐದೂವರೆಗೆ ಕಳುಹಿಸಿಬಿಡಬೇಕು. ನಿಗದಿತ ವೇಳೆ ಮೀರಿ ಬಾಗಿಲು ತೆರೆಯುವುದಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಏನಾದರೂ ಹೆಚ್ಚುಕಡಿಮೆಯಾದ ದಿನ ನೆನಪಿನಿಂದ ಹೋಗುತ್ತದೆ.

ಹಣ

ಹೆಚ್ಚು ಬೇಡ. ಬಣ್ಣದ ಟೇಪು, ಡ್ರಾಯಿಂಗ್ ಹಾಳೆ, ಎರಡು ಚಾರ್ಜ್ ಮಾಡುವ ದೀಪ, ನೆಲಕ್ಕೆ ಹಾಸಲು ಜಮಖಾನ. ಜಮಖಾನ ನಮ್ಮಲ್ಲಿ ಹಾಲಿನ ಸಂಘದಿಂದ ಸಾಲ ಬಂತು. ಚಾಪೆಯಡಿ ಖಾಲಿ ಗೋಣಿಚೀಲ ಹಾಸಿದರೂ ಸಾಕು, ಚಳಿ ಮೇಲಕ್ಕೆ ಬರುವುದಿಲ್ಲ. ಪಂಚಾಯಿತಿಯಲ್ಲಿ ಕೇಳಲು ಸಂಕೋಚಪಡುವವರಿಗೆ ಒಂದು ಮಾತು: ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಸೂಲಿ ಮಾಡುವ ಪದ್ಧತಿ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಮನೆ ಕಂದಾಯದ ರಸೀದಿಯನ್ನು ಒಮ್ಮೆ ಓದಿ ನೋಡಿ. ಊರಿನವರು ಈ ಕೋಣೆಗಾಗಿ ಆಗಲೇ ದುಡ್ಡು ಕಟ್ಟಿದ್ದಾರೆ. ಅರ್ಜಿ ಬರೆದು, ಬೇಕಾದ ಸಾಮಾನು ಮತ್ತು ಬೆಲೆ ನಮೂದಿಸಿ, ಡಿಸೆಂಬರ್ ಮೊದಲ ವಾರದೊಳಗೆ ಕೊಡಿ.

ತಿನ್ನಲು ಏನಾದರೂ ಕೊಡಲೇಬೇಕೆಂದರೆ ಬೇಯಿಸಿದ ಕಡಲೆಕಾಯಿ ಕೊಡಿ. ಜಗಲಿಯ ಮೇಲೆ ತಿಂದು, ಸಿಪ್ಪೆಯನ್ನು ಮೊರಕ್ಕೆ ಹಾಕಿ, ಕೈ ತೊಳೆದು ಒಳಗೆ ಬರಲಿ. ಬೋಂಡದ ಕಥೆ ಆಗಲೇ ಹೇಳಿದ್ದೇನೆ.

ಬೀರುವಿನ ಬೀಗ ತೆಗೆಯುವುದು

ನಮ್ಮವರಿಗೆ ಕಷ್ಟವಾಗುವುದು ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಮ್ಮಲ್ಲಿ ಬಹಳ ಮಂದಿ ಪುಸ್ತಕಗಳನ್ನು ಬೀಗ ಹಾಕಿ ಇಡುತ್ತೇವೆ. ಸೋಮಾರಿತನದಿಂದಲ್ಲ. ಕಳೆದುಹೋದರೆ ಆ ಲೆಕ್ಕ ತನ್ನ ತಲೆಗೆ ಬರುತ್ತದೆ ಎಂಬ ಹೆದರಿಕೆಯಿಂದ. ಅತ್ತ ಮನೆಗಳಲ್ಲಿ ಇನ್ನೊಂದು ಹೆದರಿಕೆ: ‘ಪುಸ್ತಕ ತರಬೇಡ, ಹರಿದರೆ ದಂಡ ಕಟ್ಟಬೇಕು’ ಎಂದು ತಾಯಿ ಮಗುವಿಗೆ ಹೇಳಿರುತ್ತಾಳೆ. ಎರಡು ಹೆದರಿಕೆಗಳ ನಡುವೆ ಪುಸ್ತಕ ಹೊಸದಾಗಿಯೇ ಹಳೆಯದಾಗುತ್ತದೆ.

ನಾನು ಕಂಡುಕೊಂಡ ದಾರಿ ಹೀಗಿದೆ. ಊರಿನವರಿಂದ, ಮೈಸೂರಿನಲ್ಲಿ ನೆಲೆಸಿರುವ ನಮ್ಮೂರಿನ ನೌಕರರಿಂದ ಕೇಳಿ ಪಡೆದ ಪುಸ್ತಕಗಳಿಗೆ ಬೇರೆಯೇ ದಾಖಲೆ ಪುಸ್ತಕ ಇಟ್ಟಿದ್ದೇನೆ. ರಜೆಯಲ್ಲಿ ಧಾರಾಳವಾಗಿ ಮನೆಗೆ ಹೋಗುವುದು ಮೊದಲು ಈ ದಾನದ ಪುಸ್ತಕಗಳು. ಅವುಗಳಲ್ಲಿ ಒಂದೆರಡು ಕಳೆದರೆ ನನ್ನ ನಿದ್ದೆ ಕೆಡುವುದಿಲ್ಲ. ಇದರ ಜೊತೆಗೆ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಅವನ್ನು ಇಳಿಸಿಕೊಂಡು ಮುದ್ರಿಸಿ ಹಂಚಲು ಯಾರ ಅಪ್ಪಣೆಯೂ ಬೇಡ, ಬರೆದವರ ಮತ್ತು ಚಿತ್ರ ಬಿಡಿಸಿದವರ ಹೆಸರನ್ನು ಉಳಿಸಿಕೊಂಡರಾಯಿತು. ಹಾಳೆಗಳನ್ನು ಮಡಚಿ ನಡುವೆ ದಾರ ಹಾಕಿ ಹೊಲಿದು ಪುಸ್ತಕ ಮಾಡುವ ಕೆಲಸವನ್ನು ಏಳನೇ ತರಗತಿಯವರಿಗೆ ಕೊಡಿ. ತಾನು ಹೊಲಿದ ಪುಸ್ತಕವನ್ನು ಯಾವ ಮಗುವೂ ಹರಿಯುವುದಿಲ್ಲ. ನನ್ನ ಆರು ವರ್ಷದಲ್ಲಿ ಹಾಗಾದದ್ದನ್ನು ನಾನು ಕಂಡಿಲ್ಲ.

ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಸದಸ್ಯತ್ವ ಉಚಿತ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದೊಡನೆ ಇದು ಬಂತು. ಆದರೂ ಕಾರ್ಡು ಮಾಡಿಸಲು ಹಣ ಬೇಕೆಂದು ತಿಳಿದಿರುವ ಮನೆಗಳಿವೆ. ಡೇರಿಯಲ್ಲಿ ಹಾಲು ಹಾಕುವ ಹೊತ್ತಿಗೆ ಹೋಗಿ ಜೋರಾಗಿ ಹೇಳಿ: ಕಾರ್ಡಿಗೆ ದುಡ್ಡಿಲ್ಲ, ಹರಿದರೆ ದಂಡವಿಲ್ಲ, ಹರಿದ ಪುಸ್ತಕ ತಂದರೆ ಇಲ್ಲೇ ಅಂಟಿಸೋಣ. ಗೋಡೆಗೆ ಅಂಟಿಸಿದ ಚೀಟಿಗಿಂತ ಡೇರಿಯ ಸಾಲು ಮೇಲು. ಅಲ್ಲಿ ದಿನಕ್ಕೆ ಎರಡು ಸಲ ಊರೇ ಬಂದು ನಿಲ್ಲುತ್ತದೆ.

ರಜೆಯ ಎರವಲಿಗೆ ನಮ್ಮಲ್ಲಿ ಒಬ್ಬರಿಗೆ ಮೂರು ಪುಸ್ತಕ, ಸಂಕ್ರಾಂತಿ ಕಳೆದ ಮೇಲೆ ವಾಪಸು. ವಹಿಯಲ್ಲಿ ಮಗುವಿನ ಹೆಸರು, ಮನೆಯವರ ಫೋನು, ಮನೆಯ ಗುರುತು, ಮೂರನ್ನೂ ಬರೆಯಿರಿ. ‘ಮಾರಮ್ಮನ ಗುಡಿ ಹಿಂದೆ, ನೀಲಿ ಗೇಟು’ ಎಂದು ಬರೆದದ್ದು ಫೋನ್ ನಂಬರಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಪುಸ್ತಕ ಜೋಡಿಸುವ ಬಗ್ಗೆ ಒಂದು ಮಾತು. ಬೆನ್ನಿನ ಮೇಲೆ 894.814 ಎಂದಿದ್ದರೆ ಅದು ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ ಎಂದು ನಮಗೆ ಗೊತ್ತು. ಎಂಟು ವರ್ಷದ ಮಗುವಿಗೆ ಅದು ಯಾರದೋ ಫೋನ್ ನಂಬರು. ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ನಾನು ಸಂಖ್ಯೆಯನ್ನು ಅಳಿಸದೆ, ಅದರ ಮೇಲೆ ಟೇಪು ಸುತ್ತಿದ್ದೇನೆ: ಹಸಿರು ಎಂದರೆ ಚಿತ್ರ ಹೆಚ್ಚು, ಹಳದಿ ಎಂದರೆ ಒಮ್ಮೆ ಕುಳಿತರೆ ಮುಗಿಯುವ ಕಥೆ, ಕೆಂಪು ಎಂದರೆ ದಪ್ಪ ಪುಸ್ತಕ. ಮಗುವಿಗೆ ಯಾವುದು ತಕ್ಕುದೆಂದು ತಿಳಿಯಲು ಒಂದು ಪುಟ ಓದಿಸಿ. ತೊಡರಿದ ಒಂದೊಂದು ಪದಕ್ಕೂ ಒಂದೊಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಆ ಪುಸ್ತಕಕ್ಕೆ ಇನ್ನೊಂದು ವರ್ಷ ಬೇಕು. ಇದನ್ನು ಎಲ್ಲರ ಎದುರಿಗೆ ಮಾಡಿಸಬೇಡಿ.

ಓದಿ ಹೇಳುವುದು

ಪ್ರತಿದಿನ ನಾಲ್ಕೂ ಕಾಲಿಗೆ ನಾನು ಕಥೆ ಓದುತ್ತೇನೆ. ಹತ್ತು ನಿಮಿಷ, ಹೆಚ್ಚಿಲ್ಲ. ಕಥೆಯನ್ನು ಪುಸ್ತಕದಿಂದಲೇ ಓದಬೇಕು. ನೆನಪಿನಿಂದ ಹೇಳಿದರೆ ಮಕ್ಕಳು ನಿಮ್ಮನ್ನು ಹಿಂಬಾಲಿಸುತ್ತಾರೆಯೇ ಹೊರತು ಪುಸ್ತಕವನ್ನಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಒಮ್ಮೆ ಜೋರಾಗಿ ಓದಿ ನೋಡಿಕೊಳ್ಳಿ. ನನ್ನ ಯಜಮಾನರು ಈ ಓದನ್ನು ಕೇಳುತ್ತಲೇ ಗೊರಕೆ ಹೊಡೆದರೆ ಆ ಕಥೆಯನ್ನು ಬಿಟ್ಟುಬಿಡುತ್ತೇನೆ.

ಕಥೆಯನ್ನು ಪೂರ್ತಿ ಓದಬಾರದು. ಹುಲಿ ಬಾಗಿಲ ಬಳಿ ಬಂದಿದೆ, ಅಜ್ಜಿ ಒಲೆಯ ಮುಂದೆ ಒಬ್ಬಳೇ ಇದ್ದಾಳೆ ಎನ್ನುವಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲಿಟ್ಟು ನೀರು ಕುಡಿಯಲು ಎದ್ದು ಹೋಗಿ. ತಿರುಗಿ ಬರುವಷ್ಟರಲ್ಲಿ ಆ ಪುಸ್ತಕಕ್ಕೆ ಜಗಳ ಹತ್ತಿರುತ್ತದೆ. ಇಂಥ ಪುಸ್ತಕಗಳಿಗೆ ಎರಡು ಮೂರು ಪ್ರತಿ ಇದ್ದರೆ ಒಳ್ಳೆಯದು.

ಆಮೇಲಿನ ಅರ್ಧ ಗಂಟೆ ಏನೂ ಮಾಡಿಸುವುದಿಲ್ಲ. ಮಕ್ಕಳು ಬೀರುಗಳ ಮುಂದೆ ತಿರುಗಾಡುತ್ತಾರೆ, ತೆಗೆಯುತ್ತಾರೆ, ಇಡುತ್ತಾರೆ, ಕೆಲವರು ಗೋಡೆಗೊರಗಿ ಕುಳಿತಿರುತ್ತಾರೆ. ನೋಡಲು ಬಂದ ಪಂಚಾಯಿತಿ ಸದಸ್ಯರೊಬ್ಬರು ‘ಏನಮ್ಮ, ಮಕ್ಕಳು ಸುಮ್ಮನೆ ಇವೆ, ಏನಾದರೂ ಮಾಡಿಸಿ’ ಎಂದರು. ಅವರಿಗೊಂದು ಪತ್ರಿಕೆ ಕೊಟ್ಟು ಪಕ್ಕದಲ್ಲಿ ಕೂರಿಸಿದೆ. ಐದು ನಿಮಿಷದಲ್ಲಿ ಅವರೂ ಸುಮ್ಮನಾದರು.

ಕಾನ್ವೆಂಟ್ ಮಕ್ಕಳಲ್ಲಿ ಹಲವರಿಗೆ ಕನ್ನಡದ ಒತ್ತಕ್ಷರ ಬಂದಾಗ ನಾಲಿಗೆ ತಡೆಯುತ್ತದೆ. ಸರ್ಕಾರಿ ಶಾಲೆಯ ಮಕ್ಕಳಲ್ಲಿ ಹಲವರಿಗೆ ಇಂಗ್ಲಿಷ್ ಪುಸ್ತಕ ಕಂಡರೆ ಅಂಜಿಕೆ. ಇವರನ್ನು ಜೋಡಿ ಮಾಡಿ: ಒಬ್ಬರು ಒಂದು ಪುಟ ಕನ್ನಡ ಓದಿದರೆ ಇನ್ನೊಬ್ಬರು ಒಂದು ಪುಟ ಇಂಗ್ಲಿಷ್. ತಿದ್ದುವ ಅಧಿಕಾರ ಜೊತೆಗಾರನಿಗೆ ಮಾತ್ರ, ನನಗೂ ಇಲ್ಲ. ಮೊದಲ ದಿನ ಇಬ್ಬರೂ ನಾಚಿಕೊಳ್ಳುತ್ತಾರೆ, ಮೂರನೆಯ ದಿನ ನಮ್ಮನ್ನು ಹತ್ತಿರ ಸೇರಿಸುವುದಿಲ್ಲ.

ಕೋಲಿನ ನೆರಳು

ಕ್ಯಾಲೆಂಡರ್ ನೋಡಿದರೆ ಈ ಹದಿನೈದು ದಿನದಲ್ಲಿ ಆಚರಣೆಗಳ ಸಾಲೇ ಇದೆ. ಡಿಸೆಂಬರ್ 22 ರಾಮಾನುಜನ್ ಹುಟ್ಟಿದ ದಿನ, ರಾಷ್ಟ್ರೀಯ ಗಣಿತ ದಿನ. 23 ರೈತರ ದಿನ. 29 ಕುವೆಂಪು ಜನ್ಮದಿನ, ವಿಶ್ವಮಾನವ ದಿನ. ಜನವರಿ 3 ಸಾವಿತ್ರಿಬಾಯಿ ಫುಲೆ ಜಯಂತಿ, 4 ಬ್ರೈಲ್ ದಿನ. ಎಲ್ಲವನ್ನೂ ಹಿಡಿಯಹೊರಟರೆ ಒಂದೂ ಸಿಗುವುದಿಲ್ಲ. ನಾನು ಎರಡು ಆರಿಸಿಕೊಳ್ಳುತ್ತೇನೆ.

22ರಂದು ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನೆಡುತ್ತೇವೆ. ದಾರಕ್ಕೆ ಕಲ್ಲು ಕಟ್ಟಿ ತೂಗು ಬಿಟ್ಟು ನೆಟ್ಟಗಿದೆಯೇ ಎಂದು ನೋಡುತ್ತೇವೆ. ಗಾರೆ ಕೆಲಸದವರ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹನ್ನೆರಡರಿಂದ ಹನ್ನೆರಡೂ ಮುಕ್ಕಾಲರವರೆಗೆ ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ. ನಮ್ಮ ಕಡೆ ನೆರಳು ಅತಿ ಗಿಡ್ಡವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡು ಇಪ್ಪತ್ತರ ಆಸುಪಾಸಿಗೆ. ಭಾರತದ ಗಡಿಯಾರ ನಮ್ಮಿಂದ ಬಹಳ ಪೂರ್ವದ ರೇಖಾಂಶಕ್ಕೆ ಹೊಂದಿಸಿದ್ದು, ಮಂಡ್ಯಕ್ಕೆ ಸೂರ್ಯ ತಡವಾಗಿ ಬರುತ್ತಾನೆ. ಆ ದಿನ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿಯಷ್ಟೇ ಮೇಲಿರುತ್ತಾನೆ. ಒಂದು ಮೀಟರ್ ಕೋಲಿನ ನೆರಳು ಸುಮಾರು 72 ಸೆಂಟಿಮೀಟರ್. ಮಕ್ಕಳ ಅಳತೆಯಲ್ಲಿ ಒಂದೆರಡು ಸೆಂಟಿಮೀಟರ್ ಆಚೀಚೆ ಬಂದರೆ ಬರಲಿ. ಕೋಲು ಕೀಳಬೇಡಿ. ಜನವರಿ 14ರಂದು ಮತ್ತೆ ಅಳೆಯಿರಿ, 67ರ ಹತ್ತಿರ ಬರುತ್ತದೆ. ಐದು ಸೆಂಟಿಮೀಟರ್ ಸೂರ್ಯ ಉತ್ತರಕ್ಕೆ ನಡೆದದ್ದನ್ನು ಮಗು ಸುಣ್ಣದಲ್ಲಿ ನೋಡುತ್ತದೆ. ಅಂದು ನಡುಹಗಲು ಇನ್ನೂ ಹತ್ತು ನಿಮಿಷ ತಡ, ಹನ್ನೆರಡೂವರೆಯವರೆಗೆ ಕಾಯಿರಿ.

ಒಂದು ವರ್ಷ ಜಗಲಿಯಲ್ಲಿ ಪೇಪರ್ ಓದುತ್ತಿದ್ದ ತಾತ ಒಬ್ಬರು ತಕರಾರು ತೆಗೆದರು: ‘ಉತ್ತರಾಯಣ ಸಂಕ್ರಾಂತಿಗೆ. ನೀನು ಡಿಸೆಂಬರಿನಲ್ಲೇ ಸೂರ್ಯನನ್ನು ತಿರುಗಿಸುತ್ತೀಯಲ್ಲ?’ ಒಳ್ಳೆಯ ಪ್ರಶ್ನೆ. ಒಂದು ಕಾಲಕ್ಕೆ ಸೂರ್ಯ ಉತ್ತರಕ್ಕೆ ತಿರುಗುವುದೂ ಸಂಕ್ರಾಂತಿಯೂ ಒಂದೇ ದಿನಕ್ಕೆ ಬೀಳುತ್ತಿದ್ದವು. ಭೂಮಿಯ ಅಕ್ಷ ಬುಗುರಿಯ ತಲೆಯಂತೆ ನಿಧಾನವಾಗಿ ತೊನೆಯುತ್ತದೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ನಮ್ಮ ಸಂಕ್ರಾಂತಿಯ ಲೆಕ್ಕ ನಕ್ಷತ್ರಗಳನ್ನು ಹಿಡಿದದ್ದು, ಋತುವನ್ನಲ್ಲ. ಆದ್ದರಿಂದ ಎರಡರ ನಡುವೆ ಮೂರು ವಾರಕ್ಕೂ ಹೆಚ್ಚು ಅಂತರ ಬಿದ್ದಿದೆ. ಬುಗುರಿಯೊಂದನ್ನು ಆಡಿಸಿ ತೋರಿಸಿದೆ. ತಾತ ಒಪ್ಪಿದರೋ ಇಲ್ಲವೋ, ಮರುದಿನ ಪಂಚಾಂಗ ತಂದು ಮಕ್ಕಳ ನಡುವೆ ಕುಳಿತರು. ಖಗೋಳದ ಪುಸ್ತಕಗಳು ಆ ವಾರ ಬೀರುವಿಗೆ ಮರಳಲೇ ಇಲ್ಲ.

29ರಂದು ಭಾಷಣ ಸ್ಪರ್ಧೆ ಇಡುತ್ತಿದ್ದೆ. ಹನ್ನೊಂದು ಮಕ್ಕಳು ಮೊಬೈಲಿನಲ್ಲಿ ಸಿಕ್ಕ ಒಂದೇ ಭಾಷಣವನ್ನು ಹನ್ನೊಂದು ಸಲ ಒಪ್ಪಿಸಿದ ಮೇಲೆ ಅದನ್ನು ಕೈಬಿಟ್ಟೆ. ಈಗ ನೆಲದ ಮೇಲೆ ಮಂಡ್ಯ ಜಿಲ್ಲೆಯ ನಕ್ಷೆಯನ್ನು ರಂಗೋಲಿಯಲ್ಲಿ ಬಿಡಿಸುತ್ತೇವೆ. ಬೆಳ್ಳೂರಿನ ಮೇಲೆ ಬಿ. ಎಂ. ಶ್ರೀ ಅವರ ಪುಸ್ತಕ, ಕಿಕ್ಕೇರಿಯ ಮೇಲೆ ಕೆ. ಎಸ್. ನರಸಿಂಹಸ್ವಾಮಿ, ಮೇಲುಕೋಟೆಯ ಮೇಲೆ ಪು. ತಿ. ನ., ಅಕ್ಕಿಹೆಬ್ಬಾಳಿನ ಮೇಲೆ ಎ. ಎನ್. ಮೂರ್ತಿರಾವ್. ಕುವೆಂಪು ಅವರ ಪುಸ್ತಕವನ್ನು ಎಲ್ಲಿಡುವುದು ಎಂದು ಒಮ್ಮೆ ಜಗಳವಾಯಿತು. ಹುಟ್ಟಿದ್ದು ಮಲೆನಾಡಿನಲ್ಲಿ, ಓದಿದ್ದು, ಪಾಠ ಹೇಳಿದ್ದು, ಮನೆ ಕಟ್ಟಿದ್ದು ಮೈಸೂರಿನಲ್ಲಿ. ಕೊನೆಗೆ ಒಂದು ಹುಡುಗಿ ಅದನ್ನು ನಕ್ಷೆಯ ಹೊರಗೆ, ಮೈಸೂರು ಇರಬೇಕಾದ ದಿಕ್ಕಿನಲ್ಲಿ, ಕುರ್ಚಿಯ ಮೇಲಿಟ್ಟಳು. ಮಂಡ್ಯದಲ್ಲಿ 1974, 1994 ಮತ್ತು 2024ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿದೆ. ಮೂರನ್ನೂ ನೋಡಿದವರು ನಿಮ್ಮೂರಿನಲ್ಲಿ ಯಾರಾದರೂ ಇದ್ದರೆ ಆ ದಿನ ಕರೆತಂದು ಕೂರಿಸಿ. ಭಾಷಣ ಬೇಡ, ಮಕ್ಕಳೇ ಕೇಳಲಿ. 1974ರ ಅಧ್ಯಕ್ಷೆ ಜಯದೇವಿತಾಯಿ ಲಿಗಾಡೆ, ಆ ಪೀಠಕ್ಕೆ ಬಂದ ಮೊದಲ ಹೆಣ್ಣು, ಎಂಬುದು ನಮ್ಮ ಹುಡುಗಿಯರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಎರಡು ವರ್ಷದ ಹಿಂದಿನವರೆಗೆ ನನಗೂ.

ಗುಡಿಸಲಿನ ಮಕ್ಕಳು

ಕಬ್ಬಿನ ಕಟಾವಿಗೆ ನಮ್ಮ ಊರಿಗೆ ಬಳ್ಳಾರಿ ಕಡೆಯಿಂದ ಕುಟುಂಬಗಳು ಬರುತ್ತವೆ. ಆಲೆಮನೆಯ ಹಿಂದಿನ ಬಯಲಿನಲ್ಲಿ ಗುಡಿಸಲು. ದೊಡ್ಡ ಮಕ್ಕಳು ಸಣ್ಣ ಮಕ್ಕಳನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತವೆ. ಅವರಿಗೆ ಇಲ್ಲಿ ವಿಳಾಸವಿಲ್ಲ, ಆದ್ದರಿಂದ ಕಾರ್ಡು ಮಾಡಿಸುವುದು ಕಷ್ಟ. ಕಾರ್ಡಿಗಾಗಿ ಕಾಯಬೇಡಿ. ಒಂದು ಗಟ್ಟಿ ಚೀಲದಲ್ಲಿ ಇಪ್ಪತ್ತು ಪುಸ್ತಕ ತುಂಬಿ ವಾರಕ್ಕೆ ಎರಡು ದಿನ ನೀವೇ ಅಲ್ಲಿಗೆ ಹೋಗಿ. ಮೇಸ್ತ್ರಿಗೆ ಮೊದಲು ಹೇಳಿ, ಇಲ್ಲದಿದ್ದರೆ ಏನೋ ತನಿಖೆಗೆ ಬಂದರೆಂದು ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ನನಗೆ ಹಾಗೇ ಆಯಿತು.

ಕಳೆದ ಎರಡು ಚಳಿಗಾಲ ಅವರ ಮಕ್ಕಳನ್ನೂ ನಮ್ಮ ಮಕ್ಕಳನ್ನೂ ಕೂರಿಸಿ ಪದಗಳ ಪಟ್ಟಿ ಮಾಡಿಸಿದೆ. ಒಂದು ಹಾಳೆ, ನಡುವೆ ಗೆರೆ. ನಾವು ಮೊಟ್ಟೆ ಎಂದರೆ ಅವರು ತತ್ತಿ, ನಮ್ಮ ಈರುಳ್ಳಿ ಅವರಿಗೆ ಉಳ್ಳಾಗಡ್ಡಿ, ನಮ್ಮ ಚೊಂಬು ಅವರಿಗೆ ತಂಬಿಗೆ. ಮೊದಲು ನಮ್ಮವರು ನಕ್ಕರು. ಆಮೇಲೆ ನಿಘಂಟು ತೆಗೆಸಿ ನೋಡಿಸಿದೆ. ತತ್ತಿ ಅದರಲ್ಲಿ ಮುದ್ರಣವಾಗಿರುವುದನ್ನು ಕಂಡ ಆ ಹುಡುಗ ಪುಟದ ಮೇಲೆ ಬೆರಳಿಟ್ಟು ಎಲ್ಲರಿಗೂ ಒಂದು ಸುತ್ತು ತೋರಿಸಿ ಬಂದ. ನಿಘಂಟನ್ನು ಮಕ್ಕಳ ಕೈಗೆ ಕೊಡಲು ಇದಕ್ಕಿಂತ ಒಳ್ಳೆಯ ನೆಪ ನನಗೆ ಸಿಕ್ಕಿಲ್ಲ.

ಹಕ್ಕಿ ನೋಡಲು ಹೋಗುವುದಾದರೆ

ಕೊಕ್ಕರೆ ಬೆಳ್ಳೂರು ನಮ್ಮ ತಾಲ್ಲೂಕಿನಲ್ಲೇ ಇದೆ. ಡಿಸೆಂಬರ್ ಕೊನೆ, ಜನವರಿಯ ಹೊತ್ತಿಗೆ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಲು ಬರತೊಡಗುತ್ತವೆ. ಅಲ್ಲಿನವರು ತಲೆಮಾರುಗಳಿಂದ ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಹೋಗುವ ಹಿಂದಿನ ದಿನ ಹಕ್ಕಿಗಳ ಪುಸ್ತಕದಿಂದ ಐದು ಹಕ್ಕಿಗಳ ಚಿತ್ರವನ್ನು ಮಕ್ಕಳೇ ಬಿಡಿಸಿಕೊಳ್ಳಲಿ. ಅಲ್ಲಿ ಆ ಐದನ್ನು ಹುಡುಕಿದರೆ ಸಾಕು. ಕೂಗಾಡುವಂತಿಲ್ಲ, ಕಲ್ಲು ಮುಟ್ಟುವಂತಿಲ್ಲ. ಪೋಷಕರ ಒಪ್ಪಿಗೆ ಪತ್ರ, ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು. ಇಷ್ಟು ಆಗದಿದ್ದರೆ ಊರ ಕೆರೆಯ ಏರಿಯೇ ಸಾಕು.

ಸಂಜೆಯ ದೀಪ

ಹತ್ತನೇ ತರಗತಿಯವರಿಗೆ ರಜೆಯೂ ಇಲ್ಲ, ಕಥೆಯೂ ಬೇಡ. ಅವರಿಗೆ ಬೇಕಾದದ್ದು ಟಿವಿ ಇಲ್ಲದ ಒಂದು ಮೂಲೆ. ಆರರಿಂದ ಏಳೂವರೆ ಕೋಣೆಯನ್ನು ಅವರಿಗೆ ಬಿಟ್ಟುಕೊಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ವಿಷಯವಾರು ಕಟ್ಟಿಡಿ. ಕರೆಂಟ್ ಹೋದಾಗ ಹಚ್ಚಲು ಚಾರ್ಜ್ ಮಾಡಿದ ದೀಪ ಸಿದ್ಧವಿರಲಿ. ಹುಡುಗಿಯರು ಮನೆ ಸೇರುವ ವ್ಯವಸ್ಥೆ ಮೊದಲೇ ಆಗಬೇಕು: ಬೀದಿಗೊಂದು ಗುಂಪು, ಗುಂಪಿಗೊಬ್ಬ ತಾಯಿ. ನಮ್ಮಲ್ಲಿ ಮೂರು ತಾಯಂದಿರು ಸರದಿಯಲ್ಲಿ ಬರುತ್ತಾರೆ. ಕರೆದುಕೊಂಡು ಹೋಗಲು ಬಂದವರು ಅರ್ಧ ಗಂಟೆ ಮುಂಚೆ ಬಂದು ವಾರಪತ್ರಿಕೆ ಓದುತ್ತಾರೆ. ಒಬ್ಬರು ಈಗ ಕಾದಂಬರಿಗೆ ಬಂದಿದ್ದಾರೆ, ಮಂಡ್ಯದಲ್ಲೇ ಹುಟ್ಟಿದ ತ್ರಿವೇಣಿಯವರಿಂದ ಶುರು ಮಾಡಿ.

ಒಂದು ಸಂಜೆ ಮಾತ್ರ ದೀಪ ಆರಿಸುತ್ತೇವೆ, 31ರಂದು. ಬಿಳಿ ಪಂಚೆ ಕಟ್ಟಿ, ಹಿಂದಿನಿಂದ ಟಾರ್ಚು ಬಿಟ್ಟು, ರಟ್ಟಿನಲ್ಲಿ ಕತ್ತರಿಸಿದ ಗೊಂಬೆಗಳಿಂದ ವಾರವಿಡೀ ಓದಿದ ಕಥೆಗಳಲ್ಲಿ ಒಂದನ್ನು ಮಕ್ಕಳು ಆಡಿ ತೋರಿಸುತ್ತಾರೆ. ತೊಗಲುಗೊಂಬೆಯವರ ಜಿಲ್ಲೆ ನಮ್ಮದು, ನೆರಳು ಆಡಿಸಲು ನಮಗೆ ಯಾರೂ ಕಲಿಸಬೇಕಿಲ್ಲ ಎಂದುಕೊಂಡಿದ್ದೆ. ಟಾರ್ಚನ್ನು ಗೊಂಬೆಗೆ ತೀರ ಹತ್ತಿರ ಹಿಡಿದು ಇಲಿ ಆನೆಯಷ್ಟಾದಾಗ ಗೊತ್ತಾಯಿತು. ದೀಪ ಗೊಂಬೆಯಿಂದ ನಾಲ್ಕು ಮೊಳ ದೂರ ಇರಲಿ, ಗೊಂಬೆ ಪಂಚೆಗೆ ತಾಗಿದಂತಿರಲಿ.

ಹೊರಗೆ ಬರಲಾಗದ ಹಿರಿಯರು

ಚಳಿಗೆ ಮಂಡಿ ಹಿಡಿದುಕೊಂಡು ಜಗಲಿಗೂ ಬರಲಾಗದವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ಪಟ್ಟಿ ಮಾಡಿ, ಮನೆಗೆ ಪುಸ್ತಕ ತಲುಪಿಸುವ ಕೆಲಸವನ್ನು ಅದೇ ಬೀದಿಯ ಮಗುವಿಗೆ ಒಪ್ಪಿಸಿ. ದಪ್ಪ ಅಕ್ಷರದ, ತೂಕ ಕಡಿಮೆ ಇರುವ ಪುಸ್ತಕಗಳು. ಕಣ್ಣು ಕಾಣದವರಿಗೆ ಆ ಮಗುವೇ ಎರಡು ಪುಟ ಓದಿ ಹೇಳಲಿ. ಮೊದಲ ವಾರ ಮಕ್ಕಳು ‘ಅಕ್ಕ, ಅಜ್ಜಿ ಪುಸ್ತಕ ಬೇಡವಂತೆ, ಕಡಲೆಕಾಯಿ ಕೊಟ್ಟು ಕಳಿಸಿದರು’ ಎಂದು ಬರುತ್ತಾರೆ. ಎರಡನೆಯ ವಾರವೂ ಕಳುಹಿಸಿ.

ಪುಸ್ತಕಗಳು ಮರಳಿದಾಗ

ಸಂಕ್ರಾಂತಿಯ ಮರುದಿನದಿಂದ ಪುಸ್ತಕಗಳು ಬರತೊಡಗುತ್ತವೆ. ಬಂದದ್ದನ್ನು ನೇರ ಬೀರುವಿಗೆ ಸೇರಿಸಬೇಡಿ. ಎಳ್ಳುಬೆಲ್ಲ ಬೀರುತ್ತ ಹೋದ ಮಗು ಪುಸ್ತಕವನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೋಗಿರುತ್ತದೆ. ಪುಟಗಳ ನಡುವೆ ಬೆಲ್ಲದ ಚೂರು, ಕೊಬ್ಬರಿಯ ತುಣುಕು ಸಿಕ್ಕಿಕೊಂಡಿರುತ್ತವೆ. ಒಂದು ಚೂರು ಬೆಲ್ಲ ಸಾಕು, ಇಡೀ ಬೀರುವಿಗೆ ಇರುವೆ ಹತ್ತುತ್ತದೆ. ಪುಸ್ತಕವನ್ನು ತಲೆಕೆಳಗೆ ಹಿಡಿದು ಕೊಡವಿ, ಒಣಗಿದ ಬಣ್ಣದ ಕುಂಚದಿಂದ ನಡುಮಡಿಕೆಯನ್ನು ಗುಡಿಸಿ, ನೆರಳಿನಲ್ಲಿ ಗಾಳಿಗೆ ಎರಡು ದಿನ ಬಿಡಿಸಿಡಿ. ಬಿಸಿಲಿಗೆ ಇಡಬೇಡಿ, ಕಾಗದ ಹಳದಿಯಾಗಿ ಹಪ್ಪಳದಂತಾಗುತ್ತದೆ. ಹರಿದ ಪುಟಕ್ಕೆ ಸೆಲ್ಲೋಟೇಪು ಹಾಕಬೇಡಿ. ಕೆಲವೇ ವರ್ಷದಲ್ಲಿ ಅಂಟು ಕಂದಿ ಅಕ್ಷರವನ್ನೇ ತಿನ್ನುತ್ತದೆ. ತೆಳು ಕಾಗದದ ಪಟ್ಟಿ ಮತ್ತು ಮೈದಾ ಅಂಟು ಸಾಕು, ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಸೇರಿಸಿದರೆ ಹುಳ ಬರುವುದಿಲ್ಲ. ಮೈಲುತುತ್ತ ವಿಷ, ಅದನ್ನು ಮಕ್ಕಳ ಕೈಗೆ ಕೊಡದೆ ನೀವೇ ಕಲಸಿ.

ಕಳೆದ ಸಲ ಮರಳದೆ ಉಳಿದದ್ದು ಏಳು ಪುಸ್ತಕ. ಮೂರು ಬೆಂಗಳೂರಿಗೆ ಹೋಗಿವೆ, ಅಜ್ಜಿಯರಿಗೆ ಜ್ಞಾಪಿಸಿದ್ದೇನೆ. ಎರಡು ಕಬ್ಬಿನ ಲಾರಿಯ ಜೊತೆ ಬಳ್ಳಾರಿ ದಾರಿ ಹಿಡಿದಿರಬೇಕು. ಒಂದನ್ನು ಕರು ತಿಂದಿದೆ, ಹೊದಿಕೆಯ ಅರ್ಧ ತಂದು ತೋರಿಸಿದ್ದಾರೆ. ಇನ್ನೊಂದು ನಮ್ಮ ಮನೆಯಲ್ಲೇ, ಯಜಮಾನರ ದಿಂಬಿನ ಕೆಳಗೆ ಸಿಕ್ಕಿತು.